ಕತ್ತರಿಯ ಬಾಯಿಗೆ ಕಡ್ಡಿ



ಎಚ್.ಐ.ವಿ. ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದೀರಿ. "ಅದು ಬಂದರೆ ಮುಗೀತು, ಅದಕ್ಕೆ ಮದ್ದೇ ಇಲ್ಲ" ಅಂತ ಹಿಂದೆ ಜನ ಹೇಳುತ್ತಿದ್ದರು. ಈಗಲೂ ಕೆಲವರು ಹಾಗೇ ಹೇಳುತ್ತಾರೆ.

ಈ ಮಾತು ನಿಜವೇ? ಅರ್ಧ ಮಾತ್ರ ನಿಜ. ಎಚ್.ಐ.ವಿ.ಯನ್ನು ಮೈಯಿಂದ ಪೂರ್ತಿ ಕಿತ್ತು ಹಾಕುವ, ಎಲ್ಲರಿಗೂ ಸಿಗುವ ಮದ್ದು ಇನ್ನೂ ಬಂದಿಲ್ಲ. ಆದರೆ ಅದನ್ನು ಅಡಗಿಸಿ ಇಡುವ ಮದ್ದು ಇದೆ. ಆ ಮದ್ದನ್ನು ದಿನಾ ನುಂಗಿದರೆ ಮನುಷ್ಯ ಬಹಳ ಕಾಲ ಬದುಕಬಹುದು. ದುಡಿಯಬಹುದು. ಮಕ್ಕಳನ್ನು ಸಾಕಬಹುದು. ಮೊಮ್ಮಕ್ಕಳನ್ನೂ ನೋಡಬಹುದು.

ಇಂಥ ಮದ್ದುಗಳಲ್ಲಿ ಹಲವು ಬಗೆ ಇವೆ. ಅದರಲ್ಲಿ ಒಂದು ಬಗೆಯ ಬಗ್ಗೆ ಈ ಪಾಠ. ಅದರ ಹೆಸರು ಸ್ವಲ್ಪ ಕಷ್ಟ. ಬಿಡಿಸಿ ಓದೋಣ.

ಪ್ರೋ – ಟಿ – ಯೇಸ್. ಪ್ರೋಟಿಯೇಸ್.

ಪ್ರೋಟಿಯೇಸ್ ಎಂದರೆ ವೈರಾಣುವಿನ ಹತ್ತಿರ ಇರುವ ಒಂದು ಕತ್ತರಿ. ಈ ಮದ್ದು ಆ ಕತ್ತರಿಯನ್ನು ತಡೆಯುತ್ತೆ. ಹೇಗೆ ಅಂತೀರಾ? ಒಂದೊಂದಾಗಿ ನೋಡೋಣ.

ಎಚ್.ಐ.ವಿ. ಎಂದರೆ ಏನು?

ಎಚ್.ಐ.ವಿ. ಒಂದು ವೈರಸ್. ಕನ್ನಡದಲ್ಲಿ ವೈರಾಣು ಅನ್ನುತ್ತೇವೆ. ಅದು ಬಹಳ ಸಣ್ಣದು. ಕಣ್ಣಿಗೆ ಕಾಣುವುದಿಲ್ಲ.

ನಮ್ಮ ರಕ್ತದಲ್ಲಿ ಬಿಳಿ ರಕ್ತಕಣಗಳಿವೆ. ಅವು ಊರಿನ ಕಾವಲುಗಾರರ ಹಾಗೆ. ಹೊರಗಿಂದ ರೋಗ ಬಂದರೆ ಹೋರಾಡುತ್ತವೆ. ಅವುಗಳಲ್ಲಿ ಸಿ.ಡಿ. 4 ಎಂಬ ಒಂದು ಗುಂಪು ಇದೆ. ಎಚ್.ಐ.ವಿ. ನೇರವಾಗಿ ಈ ಗುಂಪಿನೊಳಕ್ಕೇ ನುಗ್ಗುತ್ತೆ. ಕಾವಲುಗಾರನ ಮನೆಗೇ ಕಳ್ಳ ಹೊಕ್ಕ ಹಾಗೆ.

ವರ್ಷ ಕಳೆದ ಹಾಗೆ ಕಾವಲುಗಾರರು ಕಡಿಮೆ ಆಗುತ್ತಾರೆ. ಆಗ ಕ್ಷಯ, ನ್ಯುಮೋನಿಯಾ, ಭೇದಿ, ಹುಣ್ಣು ಹೀಗೆ ಒಂದರ ಹಿಂದೆ ಒಂದು ಕಾಯಿಲೆ ಬರುತ್ತವೆ. ಆ ಸ್ಥಿತಿಗೆ ಏಡ್ಸ್ ಎನ್ನುತ್ತಾರೆ. ಎಚ್.ಐ.ವಿ. ಇದ್ದವರಿಗೆಲ್ಲ ಏಡ್ಸ್ ಇರುತ್ತೆ ಅಂತ ಅಲ್ಲ. ಸರಿಯಾಗಿ ಮಾತ್ರೆ ತಗೊಂಡರೆ ಆ ಸ್ಥಿತಿ ಬಾರದಂತೆ ತಡೆಯಬಹುದು.

ಎಚ್.ಐ.ವಿ. ಹರಡುವ ದಾರಿಗಳು ಇವು. ಸೋಂಕು ಇರುವವರೊಂದಿಗೆ ರಕ್ಷಣೆ ಇಲ್ಲದ ದೇಹ ಸಂಬಂಧ. ಸೋಂಕು ಇರುವ ರಕ್ತ. ಒಬ್ಬರಿಗೆ ಚುಚ್ಚಿದ ಸೂಜಿ. ಬಸುರಿಯಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ತಾಯಿಯಿಂದ ಮಗುವಿಗೆ.

ಒಟ್ಟಿಗೆ ಉಂಡರೆ ಬರುವುದಿಲ್ಲ. ಒಂದೇ ಬಾವಿಯ ನೀರು ಸೇದಿದರೆ ಬರುವುದಿಲ್ಲ. ಬಟ್ಟೆ ಒಗೆದರೆ, ಕೈ ಹಿಡಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

ಒಂದು ಪಟ್ಟಿ, ಒಂದು ಕತ್ತರಿ

ವೈರಾಣು ತಾನಾಗಿ ಬೆಳೆಯಲಾರದು. ಅದಕ್ಕೆ ನಮ್ಮ ಜೀವಕಣ ಬೇಕು. ಅದು ಒಳಗೆ ಹೋಗಿ ಏನು ಮಾಡುತ್ತೆ?

ಮೊದಲು ತನ್ನ ಮಾದರಿಯ ಚೀಟಿಯನ್ನು ನಮ್ಮ ಜೀವಕಣದ ಅಕ್ಷರಕ್ಕೆ ಬದಲಿಸಿ ಬರೆಯುತ್ತೆ. ಆಮೇಲೆ ಅದನ್ನು ಜೀವಕಣದ ಪುಸ್ತಕದ ನಡುವೆ ಸೇರಿಸುತ್ತೆ. ಪಾಪ, ಜೀವಕಣಕ್ಕೆ ಮೋಸ ಗೊತ್ತಾಗುವುದಿಲ್ಲ. ತನ್ನದೇ ಕೆಲಸ ಅಂತ ತಿಳಿದು ವೈರಾಣುವಿಗೆ ಬೇಕಾದ ಸಾಮಾನು ತಯಾರಿಸುತ್ತಾ ಹೋಗುತ್ತೆ.

ಈಗ ಹೊಲಿಗೆಯ ಮಾತಿಗೆ ಬನ್ನಿ. ನಿಮ್ಮಲ್ಲಿ ಹಲವರಿಗೆ ರವಿಕೆ ಹೊಲಿಯುವುದು ಗೊತ್ತು. ಮೊದಲು ಬಟ್ಟೆಯ ಮೇಲೆ ಅಳತೆ ಗುರುತು ಹಾಕುತ್ತೀರಿ. ಬೆನ್ನಿನ ಭಾಗ, ಎದೆಯ ಭಾಗ, ತೋಳು, ಪಟ್ಟಿ. ಎಲ್ಲ ಒಂದೇ ಬಟ್ಟೆಯಲ್ಲಿ ಇರುತ್ತವೆ. ಆ ಬಟ್ಟೆಯನ್ನು ಹಾಗೇ ಮೈಗೆ ಸುತ್ತಿಕೊಂಡರೆ ರವಿಕೆ ಆಗುತ್ತದೆಯೇ? ಇಲ್ಲ. ಗುರುತು ಹಿಡಿದು ಕತ್ತರಿಸಬೇಕು. ಆಮೇಲೆ ಜೋಡಿಸಬೇಕು.

ವೈರಾಣುವಿನ ಕಥೆಯೂ ಹೀಗೇ. ಅದರ ಸಾಮಾನು ಉದ್ದ ಪಟ್ಟಿಯಾಗಿ ತಯಾರಾಗುತ್ತೆ. ಹಲವು ಭಾಗಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಅದನ್ನು ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಮಾತ್ರ ಹೊಸ ವೈರಾಣು ಬಲಿಯುತ್ತೆ. ಈ ಕತ್ತರಿಸುವ ಕೆಲಸ ಮಾಡುವುದೇ ಪ್ರೋಟಿಯೇಸ್.

ಕತ್ತರಿಗೆ ಎರಡು ಅಲಗು ಇರುತ್ತವೆ ಅಲ್ಲವೇ? ಪ್ರೋಟಿಯೇಸ್‌ಗೂ ಒಂದೇ ತರಹದ ಎರಡು ಭಾಗಗಳಿವೆ. ಎರಡೂ ಕೂಡುವ ನಡುವೆ ಒಂದು ಸಂದು ಇದೆ. ಪಟ್ಟಿ ಆ ಸಂದಿಗೆ ಬಂದಾಗ ಕತ್ತರಿಸಿ ಹೋಗುತ್ತೆ.

ಕಡ್ಡಿ ಸಿಕ್ಕಿಸುವ ಮಾತ್ರೆ

ಮಗು ಕತ್ತರಿ ಹಿಡಿದು ಆಡುವಾಗ ಅದರ ಬಾಯಿಗೆ ಒಂದು ಕಡ್ಡಿ ಸಿಕ್ಕಿಸಿಬಿಡಿ. ಏನಾಗುತ್ತೆ? ಕತ್ತರಿ ಮುಚ್ಚುವುದಿಲ್ಲ. ಏನನ್ನೂ ಕತ್ತರಿಸಲಾರದು.

ಪ್ರೋಟಿಯೇಸ್ ತಡೆಯುವ ಮದ್ದು ಮಾಡುವುದು ಇದನ್ನೇ. ಈ ಮದ್ದಿನ ಆಕಾರ ವೈರಾಣುವಿನ ಪಟ್ಟಿಯ ಹಾಗೇ ಇರುತ್ತೆ. ಕತ್ತರಿ ಅದನ್ನು ಪಟ್ಟಿ ಅಂತಲೇ ತಿಳಿದು ಬಾಯಿಗೆ ಹಾಕಿಕೊಳ್ಳುತ್ತೆ. ಆದರೆ ಕತ್ತರಿಸಲು ಆಗುವುದಿಲ್ಲ. ಮದ್ದು ಅಲ್ಲೇ ಸಿಕ್ಕಿಕೊಳ್ಳುತ್ತೆ.

ಆಗಲೂ ಹೊಸ ವೈರಾಣುಗಳು ಜೀವಕಣದಿಂದ ಹೊರಗೆ ಬರುತ್ತವೆ. ಆದರೆ ಅವು ಬಲಿಯದ ಕಾಯಿಗಳು. ಇನ್ನೊಂದು ಜೀವಕಣಕ್ಕೆ ಸೋಂಕು ಹಚ್ಚುವ ಶಕ್ತಿ ಅವಕ್ಕೆ ಇರುವುದಿಲ್ಲ.

ಒಂದು ಮಾತು ಗಮನಿಸಿ. ಈಗಾಗಲೇ ಜೀವಕಣದ ಪುಸ್ತಕದೊಳಗೆ ಸೇರಿದ ಚೀಟಿಯನ್ನು ಈ ಮಾತ್ರೆ ಹರಿದು ಹಾಕಲಾರದು. ಆ ಚೀಟಿ ಅಲ್ಲೇ ಉಳಿಯುತ್ತೆ. ಹೊಸ ಪಟ್ಟಿ ಬರುತ್ತಲೇ ಇರುತ್ತೆ. ಮದ್ದೋ, ಮೈಯಲ್ಲಿ ಸ್ವಲ್ಪ ಹೊತ್ತು ಇದ್ದು ಕರಗಿ ಹೋಗುತ್ತೆ. ಅದಕ್ಕೇ ಕಡ್ಡಿಯನ್ನು ದಿನಾ ಸಿಕ್ಕಿಸಬೇಕು. ಅದಕ್ಕೇ ಮಾತ್ರೆಯನ್ನು ದಿನಾ ನುಂಗಬೇಕು.

ಈ ಮದ್ದು ಬಂದ ಕಥೆ

ಏಡ್ಸ್ ಕಾಯಿಲೆಯ ಮೊದಲ ವರದಿ 1981ರಲ್ಲಿ ಅಮೆರಿಕದಿಂದ ಬಂತು. 1983ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಈ ವೈರಾಣುವನ್ನು ಕಂಡುಹಿಡಿದರು. ಕಂಡುಹಿಡಿದವರಲ್ಲಿ ಒಬ್ಬರು ಹೆಂಗಸು. ಅವರ ಹೆಸರು ಫ್ರಾನ್ಸ್ವಾಸ್ ಬಾರೆ-ಸಿನೂಸಿ. ಅವರಿಗೂ ಅವರ ಜೊತೆಗಾರ ಲೂಕ್ ಮಾಂತಾನಿಯೇ ಅವರಿಗೂ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ದೇಶದಲ್ಲಿ ಎಚ್.ಐ.ವಿ. ಇರುವುದು ಗೊತ್ತಾದದ್ದು 1986ರಲ್ಲಿ. ಚೆನ್ನೈ ನಗರದಲ್ಲಿ. ಅದನ್ನು ಪತ್ತೆ ಮಾಡಿದವರೂ ಹೆಂಗಸರೇ. ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ.

ಮೊದಲ ಮದ್ದು 1987ರಲ್ಲಿ ಅಮೆರಿಕದಲ್ಲಿ ಬಂತು. ಅದರ ಹೆಸರು ಎ.ಝಡ್.ಟಿ. ಅದು ಕತ್ತರಿಯ ಮದ್ದು ಅಲ್ಲ. ವೈರಾಣು ತನ್ನ ಚೀಟಿಯನ್ನು ಅಕ್ಷರ ಬದಲಿಸಿ ಬರೆಯುವುದನ್ನು ಅದು ತಡೆಯುತ್ತೆ. ಅದರಿಂದ ಜನರಿಗೆ ಸ್ವಲ್ಪ ಕಾಲ ಗುಣ ಕಂಡಿತು. ಆದರೆ ಕೆಲವು ತಿಂಗಳಲ್ಲಿ ವೈರಾಣು ಮತ್ತೆ ತಲೆ ಎತ್ತಿತು.

ಯಾಕೆ? ವೈರಾಣು ಅವಸರದಲ್ಲಿ ನಕಲು ಬರೆಯುತ್ತೆ. ಅವಸರದಲ್ಲಿ ಬರೆದರೆ ತಪ್ಪು ಆಗುತ್ತೆ. ಅಂಥ ಒಂದು ತಪ್ಪಿನಿಂದ ಅದರ ರೂಪ ಸ್ವಲ್ಪ ಬದಲಾಗಬಹುದು. ಆಗ ಹಳೆಯ ಮದ್ದು ಅದಕ್ಕೆ ನಾಟುವುದಿಲ್ಲ. ಅದು ಮಾತ್ರ ಉಳಿದು ಬೆಳೆಯುತ್ತೆ.

ವಿಜ್ಞಾನಿಗಳು ವೈರಾಣುವಿನ ಬೇರೆ ಬೇರೆ ಭಾಗಗಳನ್ನು ಹುಡುಕಿ ನೋಡಿದರು. 1989ರಲ್ಲಿ ಕತ್ತರಿಯ ಆಕಾರ ಸ್ಪಷ್ಟವಾಗಿ ಗೊತ್ತಾಯಿತು. ಬೀಗ ನೋಡಿ ಕೀಲಿಕೈ ಮಾಡುವ ಹಾಗೆ, ಆ ಆಕಾರ ನೋಡಿ ಮದ್ದು ಮಾಡಿದರು. 1995ರ ಡಿಸೆಂಬರಿನಲ್ಲಿ ಸಕ್ವಿನವೀರ್ ಎಂಬ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 1996ರ ಮಾರ್ಚಿನಲ್ಲಿ ರಿಟೊನವೀರ್ ಮತ್ತು ಇಂಡಿನವೀರ್ ಬಂದವು.

ಇವನ್ನು ಒಂಟಿಯಾಗಿ ಕೊಡಲಿಲ್ಲ. ಹಳೆಯ ಎರಡು ಮದ್ದಿನ ಜೊತೆ ಸೇರಿಸಿ ಕೊಟ್ಟರು. ಒಂದೇ ಬಾಗಿಲಿಗೆ ಮೂರು ಚಿಲಕ ಹಾಕಿದ ಹಾಗೆ. ಕಳ್ಳ ಒಂದನ್ನು ತೆಗೆದರೂ ಇನ್ನೆರಡು ತಡೆಯುತ್ತವೆ. ಮೂರನ್ನೂ ಒಮ್ಮೆಗೇ ತೆಗೆಯುವುದು ವೈರಾಣುವಿಗೆ ಬಹಳ ಕಷ್ಟ.

ಫಲ ಏನಾಯಿತು? ಹಾಸಿಗೆ ಹಿಡಿದಿದ್ದ ಜನ ಎದ್ದು ಓಡಾಡಿದರು. ಅಮೆರಿಕದಲ್ಲಿ 1996ಕ್ಕೆ ಹೋಲಿಸಿದರೆ 1997ರಲ್ಲಿ ಏಡ್ಸ್ ಸಾವುಗಳು ನೂರಕ್ಕೆ 47ರಷ್ಟು ಕಡಿಮೆ ಆದವು. ಒಂದೇ ವರ್ಷದಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ಮದ್ದು ಇತ್ತು, ಕೈಗೆ ಎಟುಕಲಿಲ್ಲ

ಆದರೆ ಬಡವರಿಗೆ ಆ ಮದ್ದು ಸಿಕ್ಕಿತೇ? ಇಲ್ಲ. ಆಗ ಮೂರು ಮದ್ದಿನ ಬೆಲೆ ಒಬ್ಬರಿಗೆ ವರ್ಷಕ್ಕೆ 10 ಸಾವಿರದಿಂದ 15 ಸಾವಿರ ಡಾಲರ್. ಆಗಿನ ನಮ್ಮ ಲೆಕ್ಕದಲ್ಲಿ ಮೂರೂವರೆ ಲಕ್ಷ ರೂಪಾಯಿಗೂ ಹೆಚ್ಚು. ಕೂಲಿ ಮಾಡುವವರು ಎಲ್ಲಿಂದ ತರಬೇಕು? ಮದ್ದು ಇದೆ ಅಂತ ಗೊತ್ತಿದ್ದೂ ಜನ ಸತ್ತರು. ಆಫ್ರಿಕಾದಲ್ಲಿ ಸತ್ತರು. ನಮ್ಮಲ್ಲೂ ಸತ್ತರು.

2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿ ಒಂದು ಮಾತು ಕೊಟ್ಟಿತು. ಮೂರು ಮದ್ದನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಎಂದಿತು. ಎಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಆ ಮೂರರಲ್ಲಿ ಕತ್ತರಿಯ ಮದ್ದು ಇರಲಿಲ್ಲ. ಆದರೂ ಆ ಮಾತಿನಿಂದ ಬೆಲೆ ಇಳಿಯುವ ದಾರಿ ತೆರೆಯಿತು.

2004ರ ಏಪ್ರಿಲ್ 1ರಂದು ನಮ್ಮ ಸರ್ಕಾರ ಎಚ್.ಐ.ವಿ. ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2008ರಲ್ಲಿ ಕತ್ತರಿಯ ಮದ್ದನ್ನೂ ಉಚಿತವಾಗಿ ಕೊಡತೊಡಗಿತು. ಇಂದು ಈ ಮಾತ್ರೆಗಳು ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಸಿಗುತ್ತವೆ. ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ.

ಈಗ ಯಾರಿಗೆ ಈ ಮಾತ್ರೆ?

ಈಗ ಹೊಸದಾಗಿ ಚಿಕಿತ್ಸೆ ಶುರು ಮಾಡುವ ದೊಡ್ಡವರಲ್ಲಿ ಹೆಚ್ಚಿನವರಿಗೆ ಬೇರೆ ಮಾತ್ರೆ ಕೊಡುತ್ತಾರೆ. ಮೂರು ಮದ್ದು ಸೇರಿದ ಒಂದೇ ಮಾತ್ರೆ. ದಿನಕ್ಕೆ ಒಂದು ಸಲ. ಅದರಲ್ಲಿ ಕತ್ತರಿಯ ಮದ್ದು ಇಲ್ಲ.

ಆ ಮಾತ್ರೆ ಕೆಲಸ ಮಾಡದಿದ್ದರೆ ಅಥವಾ ಮೈಗೆ ಒಗ್ಗದಿದ್ದರೆ ಆಗ ಕತ್ತರಿಯ ಮದ್ದಿನ ಸರದಿ. ಇದಕ್ಕೆ ಎರಡನೇ ಹಂತದ ಚಿಕಿತ್ಸೆ ಎನ್ನುತ್ತಾರೆ. ಕೆಲವು ಮಕ್ಕಳಿಗೂ ಈ ಮದ್ದು ಕೊಡುತ್ತಾರೆ. ಈ ಮದ್ದು ಗಟ್ಟಿ. ವೈರಾಣು ಇದನ್ನು ಸುಲಭವಾಗಿ ಸೋಲಿಸಲಾರದು.

ಈ ಮದ್ದುಗಳ ಹೆಸರು ಓದಿ ನೋಡಿ.

ಅಟಜನವೀರ್.
ಲೋಪಿನವೀರ್.
ದರುನವೀರ್.
ರಿಟೊನವೀರ್.

ಕೊನೆಗೆ ಏನು ಕೇಳಿಸುತ್ತೆ? "ನವೀರ್". ಒಂದೇ ಮನೆತನದ ಹೆಸರಿನ ಹಾಗೆ. ಹೆಸರಿನ ಕೊನೆಯಲ್ಲಿ "ನವೀರ್" ಇದ್ದರೆ ಅದು ಕತ್ತರಿಯ ಮದ್ದು ಎಂದು ತಿಳಿಯಿರಿ.

ಇವುಗಳಲ್ಲಿ ರಿಟೊನವೀರ್ ಸಾಮಾನ್ಯವಾಗಿ ಜೊತೆಗಾರನ ಕೆಲಸ ಮಾಡುತ್ತೆ. ನಮ್ಮ ಯಕೃತ್ತು, ಅಂದರೆ ಲಿವರ್, ಮದ್ದನ್ನು ಬೇಗ ಬೇಗ ಕರಗಿಸಿ ಹೊರಗೆ ಹಾಕುತ್ತೆ. ಸ್ವಲ್ಪ ರಿಟೊನವೀರ್ ಸೇರಿಸಿದರೆ ಆ ಕೆಲಸ ನಿಧಾನ ಆಗುತ್ತೆ. ಆಗ ಇನ್ನೊಂದು ಮದ್ದು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ. ಹಿಂದೆ ಇಂಡಿನವೀರನ್ನು ಎಂಟು ಗಂಟೆಗೊಮ್ಮೆ, ಖಾಲಿ ಹೊಟ್ಟೆಯಲ್ಲಿ, ತುಂಬ ನೀರು ಕುಡಿದು ನುಂಗಬೇಕಿತ್ತು. ಈಗ ಅಟಜನವೀರ್ ಮತ್ತು ರಿಟೊನವೀರನ್ನು ದಿನಕ್ಕೆ ಒಂದೇ ಸಲ ಊಟದ ಜೊತೆ ತಗೊಂಡರೆ ಸಾಕು. ಜೊತೆಗೆ ಡಾಕ್ಟರು ಕೊಟ್ಟ ಬೇರೆ ಎಚ್.ಐ.ವಿ. ಮಾತ್ರೆಗಳನ್ನೂ ತಪ್ಪದೆ ನುಂಗಬೇಕು.

ಮಾತ್ರೆ ತಪ್ಪಿದರೆ ಏನಾಗುತ್ತೆ?

ಒಬ್ಬ ಅಕ್ಕ ಮಾತ್ರೆ ನುಂಗುತ್ತಿದ್ದಾಳೆ ಅಂದುಕೊಳ್ಳಿ. ಮನೆಯಲ್ಲಿ ಮದುವೆ ಬಂತು. ನೆಂಟರು ತುಂಬಿದರು. ಯಾರಾದರೂ ನೋಡಿಯಾರು ಅಂತ ನಾಲ್ಕು ದಿನ ಡಬ್ಬಿ ತೆಗೆಯಲಿಲ್ಲ. ಆಮೇಲೆ ಕಬ್ಬು ಕಡಿಯಲು ಬೇರೆ ಊರಿಗೆ ಹೋದಳು. ಅಲ್ಲಿ ಮಾತ್ರೆ ಮುಗಿಯಿತು. ಇನ್ನೂ ಹದಿನೈದು ದಿನ ಹೋಯಿತು. ಮೈ ಚೆನ್ನಾಗೇ ಇತ್ತು. "ಏನೂ ಆಗಲಿಲ್ಲವಲ್ಲ" ಅಂದುಕೊಂಡಳು.

ಒಳಗೆ ಏನಾಯಿತು? ಕತ್ತರಿಯ ಬಾಯಿಂದ ಕಡ್ಡಿ ಬಿತ್ತು. ವೈರಾಣು ಮತ್ತೆ ಸಾವಿರ ಸಾವಿರ ನಕಲು ಮಾಡಿತು. ಆ ನಕಲುಗಳಲ್ಲಿ ಕೆಲವಕ್ಕೆ ಕತ್ತರಿಯ ಆಕಾರ ಬದಲಾಗಬಹುದು. ಆಗಾಗ ತಗೊಂಡು ಆಗಾಗ ಬಿಟ್ಟರೆ ಮೈಯಲ್ಲಿ ಮದ್ದು ಅರೆಬರೆ ಇರುತ್ತೆ. ಅಂಥ ಹೊತ್ತಿನಲ್ಲಿ ಬದಲಾದ ವೈರಾಣುವೇ ಗೆಲ್ಲುತ್ತೆ. ಆಮೇಲೆ ಅದೇ ಕಡ್ಡಿ ಆ ಕತ್ತರಿಗೆ ಹೊಂದುವುದಿಲ್ಲ. ಹೀಗಾದರೆ ಉಳಿಯುವ ಬೇರೆ ಮದ್ದುಗಳು ಕಡಿಮೆ. ಇದೇ ದೊಡ್ಡ ಅಪಾಯ.

ಇದಕ್ಕೆ ಏನು ಮಾಡಬೇಕು?

ಊರು ಬಿಟ್ಟು ಹೋಗುವ ಮೊದಲೇ ಎ.ಆರ್.ಟಿ. ಕೇಂದ್ರಕ್ಕೆ ಹೋಗಿ ಹೇಳಿ. ಹೆಚ್ಚು ದಿನದ ಮಾತ್ರೆ ಕೇಳಿ. ದೂರದ ಊರಿನಲ್ಲಿ ಬಹಳ ಕಾಲ ಇರುವುದಾದರೆ ಅಲ್ಲಿನ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ.

ದಿನಾ ಮಾಡುವ ಒಂದು ಕೆಲಸಕ್ಕೆ ಮಾತ್ರೆಯನ್ನು ಜೋಡಿಸಿ. ರಾತ್ರಿ ಊಟವೋ, ದೀಪ ಹಚ್ಚುವ ಹೊತ್ತೋ, ನಿಮಗೆ ಹೊಂದುವುದು.

ಮನೆಯಲ್ಲಿ ನಂಬುವ ಒಬ್ಬರಿಗಾದರೂ ಹೇಳಿ. ಅಕ್ಕನಿಗೋ, ಬೆಳೆದ ಮಗಳಿಗೋ. ನೆನಪು ಮಾಡಲು ಒಬ್ಬರು ಬೇಕು.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಎರಡನ್ನೂ ಒಟ್ಟಿಗೆ ನುಂಗಬೇಡಿ. ಕೇಂದ್ರದವರನ್ನು ಕೇಳಿ.

ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ರಕ್ತ ಪರೀಕ್ಷೆ ಇದೆ. ಅದಕ್ಕೆ ವೈರಲ್ ಲೋಡ್ ಪರೀಕ್ಷೆ ಎನ್ನುತ್ತಾರೆ. ಅದನ್ನೂ ಉಚಿತವಾಗಿ ಮಾಡುತ್ತಾರೆ. ಕರೆದಾಗ ತಪ್ಪದೆ ಹೋಗಿ.

ಕಣ್ಣು ಹಳದಿ ಆದರೆ?

ಎಲ್ಲ ಮದ್ದಿಗೂ ಸ್ವಲ್ಪ ತೊಂದರೆ ಇರುತ್ತೆ. ಮೊದಲೇ ಗೊತ್ತಿದ್ದರೆ ಹೆದರಿಕೆ ಇಲ್ಲ.

ಅಟಜನವೀರ್ ತಗೊಳ್ಳುವ ಕೆಲವರಿಗೆ ಕಣ್ಣು ಹಳದಿ ಆಗುತ್ತೆ. ನೋಡಿದವರು "ಕಾಮಾಲೆ ಆಗಿದೆ, ಮಾತ್ರೆ ಬಿಡು, ನಾಟಿ ಔಷಧಿ ಕುಡಿ" ಅನ್ನುತ್ತಾರೆ. ಆ ಮಾತು ಕೇಳಿ ಮಾತ್ರೆ ಬಿಡಬೇಡಿ. ಈ ಮದ್ದಿನಿಂದ ಬರುವ ಹಳದಿ ಸಾಮಾನ್ಯವಾಗಿ ಯಕೃತ್ತಿನ ರೋಗ ಅಲ್ಲ. ಆದರೆ ಬೇರೆ ಕಾರಣದಿಂದಲೂ ಕಣ್ಣು ಹಳದಿ ಆಗಬಹುದು. ನಾವೇ ತೀರ್ಮಾನ ಮಾಡುವುದು ಬೇಡ. ಎ.ಆರ್.ಟಿ. ಡಾಕ್ಟರಿಗೆ ತೋರಿಸಿ. ಅವರು ಪರೀಕ್ಷೆ ಮಾಡಿ ಹೇಳುತ್ತಾರೆ. ಬೇಕಾದರೆ ಮದ್ದನ್ನು ಬದಲಿಸುತ್ತಾರೆ.

ಲೋಪಿನವೀರ್ ತಗೊಂಡರೆ ಕೆಲವರಿಗೆ ಭೇದಿ, ಹೊಟ್ಟೆ ತೊಳಸುವುದು ಆಗುತ್ತೆ. ಆ ಮಾತ್ರೆಯನ್ನು ಪುಡಿ ಮಾಡಬಾರದು. ಮುರಿಯಬಾರದು. ಇಡಿಯಾಗಿ ನುಂಗಬೇಕು. ಬಹಳ ವರ್ಷ ಈ ಬಗೆಯ ಮದ್ದು ತಗೊಂಡ ಕೆಲವರಿಗೆ ರಕ್ತದಲ್ಲಿ ಕೊಬ್ಬು ಅಥವಾ ಸಕ್ಕರೆ ಏರಬಹುದು. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡುತ್ತಾರೆ.

ಹೆಸರು ಬರೆದಿಟ್ಟುಕೊಳ್ಳಿ

ಈಗ ನಿಮಗೆ ಅಕ್ಷರ ಬರುತ್ತೆ. ಆ ಅಕ್ಷರ ಇಲ್ಲಿ ಜೀವ ಕಾಯುತ್ತೆ. ಹೇಗೆ ನೋಡಿ.

ರಿಟೊನವೀರ್ ಯಕೃತ್ತಿನ ಕೆಲಸ ನಿಧಾನ ಮಾಡುತ್ತೆ ಎಂದು ಓದಿದೆವಲ್ಲ? ಅದರಿಂದ ಬೇರೆ ಕಾಯಿಲೆಗೆ ತಗೊಂಡ ಮಾತ್ರೆಯೂ ಮೈಯಲ್ಲಿ ಹೆಚ್ಚಾಗಿ ಉಳಿಯಬಹುದು. ಕೆಲವು ಮಾತ್ರೆಗಳ ಶಕ್ತಿ ಕಡಿಮೆಯೂ ಆಗಬಹುದು. ಹಾಗಾಗಿ ಈ ಮಾತುಗಳನ್ನು ಚೆನ್ನಾಗಿ ತಿಳಿದುಕೊಳ್ಳಿ.

ಕ್ಷಯ ರೋಗಕ್ಕೆ ರಿಫಾಂಪಿಸಿನ್ ಎಂಬ ಮಾತ್ರೆ ಕೊಡುತ್ತಾರೆ. ಅದು ಕತ್ತರಿಯ ಮದ್ದಿನ ಶಕ್ತಿಯನ್ನು ಬಹಳ ಕಡಿಮೆ ಮಾಡುತ್ತೆ. ಕ್ಷಯದ ಡಾಕ್ಟರಿಗೂ ಹೇಳಿ, ಎ.ಆರ್.ಟಿ. ಡಾಕ್ಟರಿಗೂ ಹೇಳಿ. ಅವರು ಮದ್ದನ್ನು ಹೊಂದಿಸಿ ಕೊಡುತ್ತಾರೆ.

ಹೊಟ್ಟೆ ಉರಿ, ಗ್ಯಾಸ್ ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಅಂಥ ಮಾತ್ರೆಗಳಿಂದ ಅಟಜನವೀರ್ ಮೈಗೆ ಸರಿಯಾಗಿ ಸೇರುವುದಿಲ್ಲ.

ಮಕ್ಕಳು ಬೇಡ ಅಂತ ಗುಳಿಗೆ ನುಂಗುತ್ತಿದ್ದರೆ ನರ್ಸಮ್ಮನಿಗೆ ಹೇಳಿ. ರಿಟೊನವೀರ್ ಜೊತೆ ಕೆಲವು ಗುಳಿಗೆಗಳ ಶಕ್ತಿ ಕಡಿಮೆ ಆಗುತ್ತೆ. ಬೇರೆ ವಿಧಾನ ಬೇಕಾಗಬಹುದು.

ಹೆರಿಗೆಗೆ ಹೋದಾಗ ಮೊದಲೇ ಹೇಳಿ. ರಕ್ತಸ್ರಾವ ನಿಲ್ಲಿಸಲು ಕೊಡುವ ಒಂದು ಬಗೆಯ ಚುಚ್ಚುಮದ್ದು ಈ ಮಾತ್ರೆಗೆ ಹೊಂದುವುದಿಲ್ಲ. ಗೊತ್ತಿದ್ದರೆ ಡಾಕ್ಟರು ಬೇರೆ ಮದ್ದು ಬಳಸುತ್ತಾರೆ.

ಡಬ್ಬಿಯ ಮೇಲೆ ಹೆಸರು ಇಂಗ್ಲಿಷಿನಲ್ಲಿ ಇರಬಹುದು. ಪರವಾಗಿಲ್ಲ. ಕೇಂದ್ರದ ಸಲಹೆಗಾರರಿಂದ ಹೆಸರು ಹೇಳಿಸಿಕೊಳ್ಳಿ. ಒಂದು ಚೀಟಿಯಲ್ಲಿ ನಿಮ್ಮ ಕೈಯಾರೆ ಕನ್ನಡದಲ್ಲಿ ಬರೆದುಕೊಳ್ಳಿ. ಮಾತ್ರೆಯ ಹೆಸರು, ಎಷ್ಟು, ಯಾವ ಹೊತ್ತು. ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ. ಯಾವ ಡಾಕ್ಟರ ಹತ್ತಿರ ಹೋದರೂ ಅದನ್ನು ತೋರಿಸಿ.

ತಾಯಿ ಮತ್ತು ಮಗು

ಬಸುರಿ ಹೆಂಗಸರೆಲ್ಲ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದರಲ್ಲಿ ನಾಚಿಕೆ ಏನೂ ಇಲ್ಲ. ಏನೂ ಚಿಕಿತ್ಸೆ ಇಲ್ಲದಿದ್ದರೆ ಎಚ್.ಐ.ವಿ. ಇರುವ ನೂರು ತಾಯಂದಿರಲ್ಲಿ 15ರಿಂದ 45 ತಾಯಂದಿರ ಮಕ್ಕಳಿಗೆ ಸೋಂಕು ತಗಲುತ್ತೆ. ತಾಯಿ ಸರಿಯಾಗಿ ಮಾತ್ರೆ ತಗೊಂಡು, ಮಗುವಿಗೂ ಮದ್ದು ಕೊಟ್ಟರೆ ಅದು ನೂರಕ್ಕೆ 5ಕ್ಕಿಂತ ಕೆಳಗೆ ಇಳಿಯುತ್ತೆ.

ಬಸುರಿ ಅಂತ ಗೊತ್ತಾದ ಕೂಡಲೇ ಮಾತ್ರೆ ನಿಲ್ಲಿಸಬೇಡಿ. ಎ.ಆರ್.ಟಿ. ಡಾಕ್ಟರಿಗೆ ತಿಳಿಸಿ. ಎದೆಹಾಲಿನ ಬಗ್ಗೆಯೂ ಅವರನ್ನೇ ಕೇಳಿ.

ಇನ್ನೊಂದು ಒಳ್ಳೆಯ ಸುದ್ದಿ. ದಿನಾ ಮಾತ್ರೆ ತಗೊಂಡು, ವೈರಾಣು ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆ ಆಗಿ, ಹಾಗೇ ಉಳಿದರೆ, ದೇಹ ಸಂಬಂಧದಿಂದ ಗಂಡನಿಗಾಗಲಿ ಹೆಂಡತಿಗಾಗಲಿ ಸೋಂಕು ಹರಡುವುದಿಲ್ಲ. ಇದು ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ನೋಡಿ ತಿಳಿದ ಸತ್ಯ.

ಕೆಲವು ಪ್ರಶ್ನೆಗಳು

"ಮೈ ಚೆನ್ನಾಗಿದೆ. ಈಗಲಾದರೂ ಮಾತ್ರೆ ಬಿಡಬಹುದೇ?"
ಬಿಡಬಾರದು. ಮಾತ್ರೆ ನುಂಗುತ್ತಿರುವುದರಿಂದಲೇ ಮೈ ಚೆನ್ನಾಗಿದೆ.

"ಮೊಟ್ಟೆ, ಹಾಲು, ಕಾಳು ಚೆನ್ನಾಗಿ ತಿಂದರೆ ಸಾಲದೇ?"
ಒಳ್ಳೆಯ ಊಟ ಬೇಕೇ ಬೇಕು. ಆದರೆ ಊಟ ಕತ್ತರಿಯನ್ನು ತಡೆಯಲಾರದು.

"ನನ್ನ ಮಾತ್ರೆಯಲ್ಲಿ ಅರ್ಧ ನನ್ನ ಗಂಡನಿಗೆ ಕೊಡಬಹುದೇ?"
ಕೊಡಬೇಡಿ. ಹಂಚಿಕೊಂಡರೆ ಇಬ್ಬರಿಗೂ ಅರೆಬರೆ ಆಗುತ್ತೆ. ಅವರೂ ಪರೀಕ್ಷೆ ಮಾಡಿಸಲಿ. ಅವರಿಗೂ ಉಚಿತವಾಗಿ ಸಿಗುತ್ತೆ.

"ಪೂರ್ತಿ ವಾಸಿ ಮಾಡುತ್ತೇನೆ, ಇಷ್ಟು ಸಾವಿರ ಕೊಡಿ ಅಂತ ಒಬ್ಬರು ಹೇಳುತ್ತಾರೆ. ಹೋಗಲೇ?"
ಹೋಗಬೇಡಿ. ಹಣವೂ ಹೋಗುತ್ತೆ, ಮಾತ್ರೆ ಬಿಟ್ಟ ದಿನಗಳೂ ಹೋಗುತ್ತವೆ.

"ಊರಿನವರಿಗೆ ಗೊತ್ತಾದರೆ ಮನೆಯಿಂದ ಹೊರಗೆ ಹಾಕುತ್ತಾರಲ್ಲ?"
ಇದಕ್ಕೆ ಕಾನೂನು ಇದೆ. 2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ಬಂತು. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್.ಐ.ವಿ. ಇದೆ ಎಂಬ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ, ಆಸ್ಪತ್ರೆಯಿಂದ, ಬಾಡಿಗೆ ಮನೆಯಿಂದ ಅನ್ಯಾಯವಾಗಿ ಹೊರಗೆ ಹಾಕುವಂತಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಚಿಕಿತ್ಸೆ ಕೊಡುವವರು ನಿಮ್ಮ ಗುಟ್ಟನ್ನು ಕಾಪಾಡಬೇಕು. ಸಂಶಯ ಇದ್ದರೆ 1097 ಎಂಬ ನಂಬರಿಗೆ ಫೋನ್ ಮಾಡಿ. ಅದಕ್ಕೆ ಹಣ ಬೇಕಿಲ್ಲ.

ನೆನಪಿಡಿ

ಪ್ರೋಟಿಯೇಸ್ ಎಂಬುದು ವೈರಾಣುವಿನ ಕತ್ತರಿ. ಹೆಸರಿನ ಕೊನೆಗೆ "ನವೀರ್" ಇರುವ ಮದ್ದು ಆ ಕತ್ತರಿಯ ಬಾಯಿಗೆ ಕಡ್ಡಿ.

ಈ ಮದ್ದು ಒಂಟಿಯಾಗಿ ಸಾಲದು. ಬೇರೆ ಮದ್ದಿನ ಜೊತೆ ಸೇರಿಸಿ ತಗೋಬೇಕು.

ದಿನಾ, ಹೇಳಿದ ಹೊತ್ತಿಗೆ, ಬದುಕಿರುವ ತನಕ ತಗೋಬೇಕು.

ತೊಂದರೆ ಆದರೆ ಮಾತ್ರೆ ಬಿಡುವುದಲ್ಲ, ಡಾಕ್ಟರ ಹತ್ತಿರ ಹೋಗುವುದು.

ಬೇರೆ ಯಾವ ಮಾತ್ರೆ ತಗೊಳ್ಳುವ ಮೊದಲೂ ಚೀಟಿ ತೋರಿಸಬೇಕು.

ಓದಿ, ಕೂತು ಮಾತಾಡಿ

1. ಕತ್ತರಿಯ ಕೆಲಸ ನಿಂತರೆ ವೈರಾಣು ಏಕೆ ಸೋಂಕು ಹಚ್ಚಲಾರದು? ರವಿಕೆಯ ಮಾತಿನಲ್ಲಿ ನಿಮ್ಮ ಪಕ್ಕದವರಿಗೆ ವಿವರಿಸಿ.

2. ದುಡಿಮೆಗೆ ಊರು ಬಿಟ್ಟು ಹೋಗುವ ಒಬ್ಬ ಹೆಂಗಸಿಗೆ ಮಾತ್ರೆ ತಪ್ಪದ ಹಾಗೆ ನಿಮ್ಮ ಸಂಘ ಹೇಗೆ ನೆರವಾಗಬಹುದು?

3. ನಿಮ್ಮ ಜಿಲ್ಲೆಯ ಎ.ಆರ್.ಟಿ. ಕೇಂದ್ರ ಎಲ್ಲಿದೆ? ಕೇಳಿ ತಿಳಿದು, ವಿಳಾಸವನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ನಿಮಗೆ ಬೇಡವಾದರೂ ಪಕ್ಕದ ಮನೆಯ ಅಕ್ಕನಿಗೆ ಬೇಕಾಗಬಹುದು.